ಠೇವಣಿ ಇಲ್ಲದವರ ವೀಸಾ

ಗೋಕುಲಂ ಬಡಾವಣೆಗೆ ಅಷ್ಟಾಂಗ ಯೋಗ ಕಲಿಯಲು ಬರುವ ಅಮೆರಿಕನ್ನರಿಗೆ ಮೈಸೂರು ದೂರವಾದರೂ ದುರ್ಲಭವಲ್ಲ. ತಮ್ಮ ಊರಲ್ಲೇ ಕೂತು ಪ್ರವಾಸಿ ಇ-ವೀಸಾಕ್ಕೆ ಅರ್ಜಿ ಹಾಕಬಹುದು, ಬಂದರೆ 180 ದಿನ ತಂಗಬಹುದು. ಅಲ್ಪಾವಧಿಯ ಯೋಗ ತರಗತಿಗೂ ಆ ವೀಸಾವೇ ಸಾಕು. ಮನೆ ಬಾಡಿಗೆಗೆ ಕೊಟ್ಟವರು 24 ಗಂಟೆಯೊಳಗೆ ಅವರ ಮಾಹಿತಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕು, ಅಷ್ಟೆ.

ಅವರೇ ಯುರೋಪಿಗೆ ಹೊರಟರೆ ವೀಸಾದ ಗೊಡವೆಯೂ ಇಲ್ಲ. ಷೆಂಗೆನ್ ಒಪ್ಪಂದದ 29 ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಸುತ್ತಬಹುದು. ಅದು ಸಾಲದೆಂದರೆ ಫ್ರಾನ್ಸಿನ ದೀರ್ಘಾವಧಿ ಸಂದರ್ಶಕ ವೀಸಾ ಇದೆ, ಪೋರ್ಚುಗಲ್‌ನ ಡಿ7 ಇದೆ, ಲ್ಯಾಪ್‌ಟಾಪ್ ಹಿಡಿದು ಎಲ್ಲಿಂದಲಾದರೂ ದುಡಿಯುವವರಿಗೆ 2023ರಲ್ಲಿ ಸ್ಪೇನ್ ತಂದ ಡಿಜಿಟಲ್ ನೊಮ್ಯಾಡ್ ವೀಸಾ ಇದೆ. ಇವೆಲ್ಲಕ್ಕೂ ಆದಾಯದ ದಾಖಲೆ ಬೇಕು ಎಂಬುದು ನಿಜ. ಆದರೆ 90 ದಿನದ ಬಾಗಿಲು ತೆರೆಯಲು ಅಮೆರಿಕದ ಪಾಸ್‌ಪೋರ್ಟೊಂದೇ ಸಾಕು.

ಅದೇ ಮೈಸೂರಿನ ದಲಿತರ ಬಡಾವಣೆ ಅಶೋಕಪುರಂನಿಂದ ಹೊರಡುವವರ ಕಥೆ ಬೇರೆ. ಪಾಸ್‌ಪೋರ್ಟಿನ ಮಟ್ಟಿಗೆ ಊರು ಅದೃಷ್ಟವಂತವೇ: 2017ರ ಜನವರಿಯಲ್ಲಿ ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಆರಂಭವಾದದ್ದು ಗುಜರಾತಿನ ದಾಹೋದ್ ಮತ್ತು ಮೈಸೂರಿನಲ್ಲಿ. ಕಷ್ಟ ಶುರುವಾಗುವುದು ಆಮೇಲೆ. ಜರ್ಮನಿಯಲ್ಲಿರುವ ಮಗಳ ಬಾಣಂತನಕ್ಕೆ ಹೋಗುವ ತಾಯಿಯೂ 90 ಯೂರೋ ಶುಲ್ಕ ಕಟ್ಟಬೇಕು, 30,000 ಯೂರೋ ಮೊತ್ತದ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಬೇಕು, ಬೆರಳಚ್ಚು ಕೊಡಬೇಕು. ವೀಸಾ ತಿರಸ್ಕಾರವಾದರೆ ಶುಲ್ಕ ವಾಪಸ್ ಇಲ್ಲ! 2024ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ಭಾರತೀಯರಿಗೆ ನಿಯಮ ಸಡಿಲಿಸಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಅನಂತರ ಐದು ವರ್ಷದ ವೀಸಾ ಸಿಗಬಹುದು. ಎರಡು ಸಲ ಹೋಗಿಬಂದವರಿಗೆ ಇದು ಅನುಕೂಲ, ಮೊದಲ ಸಲ ಹೊರಡುವವರಿಗೆ ಇದರಿಂದ ಏನೂ ಬದಲಾಗಿಲ್ಲ.

ವಿದ್ಯಾರ್ಥಿಗಳ ಪಾಡು ಇನ್ನೂ ಬಿಗಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ವೀಸಾಕ್ಕೆ, ಬೇರೆ ಮಾನ್ಯ ಆಸರೆ ತೋರಿಸಲಾಗದಿದ್ದರೆ, ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು. ಅಂದರೆ ಹನ್ನೊಂದು ಲಕ್ಷ ರೂಪಾಯಿಗೂ ಹೆಚ್ಚು. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಎಂಟು ಲಕ್ಷ. ಆ ಮಿತಿಯೊಳಗಿನ ಮನೆ ವರ್ಷವಿಡೀ ದುಡಿದದ್ದನ್ನೆಲ್ಲ ಕೂಡಿಟ್ಟರೂ ಠೇವಣಿ ತುಂಬದು.

ಅಶೋಕಪುರಂಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಮನೆಗಳ ಗೋಡೆಯ ಮೇಲಿರುವ ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. 1917ರಲ್ಲಿ ಅದರ ಅವಧಿ ಮುಗಿದಾಗ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮತ್ತೆ ಅಲ್ಲಿಗೆ ಹೋಗಲು ಅವರು 1920ರವರೆಗೆ ಕಾಯಬೇಕಾಯಿತು. ಸೀಟು ಇತ್ತು, ಸಾಮರ್ಥ್ಯವಿತ್ತು, ದುಡ್ಡು ಇರಲಿಲ್ಲ.

ಯಾರಿಗೆ ಬಾಗಿಲು ತೆರೆಯಬೇಕೆಂದು ಬರ್ಲಿನ್, ಪ್ಯಾರಿಸ್ ತೀರ್ಮಾನಿಸಲಿ. ಅದು ನಮ್ಮ ಕೈಯಲ್ಲಿಲ್ಲ. ಠೇವಣಿ ನಮ್ಮ ಕೈಯಲ್ಲಿದೆ. ವಿದೇಶ ವ್ಯಾಸಂಗಕ್ಕೆ ‘ಪ್ರಬುದ್ಧ’ ಯೋಜನೆಯಡಿ ನೆರವು ನೀಡುವ ರಾಜ್ಯದ ಸಮಾಜ ಕಲ್ಯಾಣ ಇಲಾಖೆ, ಪ್ರವೇಶಪತ್ರ ಕೈಗೆ ಬಂದ ವಿದ್ಯಾರ್ಥಿಗಳ ವೀಸಾ ಠೇವಣಿಗೆ ತಾನೇ ಹೊಣೆ ನಿಲ್ಲಬೇಕು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಮಂಜೂರಾತಿ ಪತ್ರ ಅದಕ್ಕೆ ತಿಂಗಳುಗಳ ಮೊದಲೇ ವಿದ್ಯಾರ್ಥಿಯ ಕೈ ಸೇರುವಂತೆ ಇಲಾಖೆ ತನ್ನ ವೇಳಾಪಟ್ಟಿಯನ್ನು ಬದಲಿಸಿಕೊಳ್ಳಲಿ.