ಬಾಳಿದ ಮೇಲೆ ಮಣ್ಣಾಗುವ ಸಾಧನ

ಊಟ ಮುಗಿದ ಮೇಲೆ ಮುತ್ತುಗದ ಎಲೆ ತಿಪ್ಪೆಯನ್ನು ಸೇರುತ್ತದೆ. ಕಾಲಾಂತರದಲ್ಲಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ನಮ್ಮ ಮನೆಯ ಕಪಾಟಿನಲ್ಲಿ ಬಿದ್ದಿರುವ ಕೆಟ್ಟ ಮೊಬೈಲು, ನಾಡಿ ಎಣಿಸುವ ಕೈಪಟ್ಟಿಗಳಿಗೆ ಆ ಭಾಗ್ಯವಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತು ಹೊರಹಾಕಿದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹಗೊಂಡು ಮರುಬಳಕೆಯಾದುದೆಂದು ದಾಖಲಾದದ್ದು ಶೇ. 22.3 ಮಾತ್ರ.

ದೇಹಕ್ಕೆ ಅಂಟಿಕೊಂಡು ಹೃದಯದ ಬಡಿತವನ್ನೋ ನರಗಳ ಸಂಕೇತವನ್ನೋ ಅರಿಯುವ ಸಾಧನಗಳ ಶಾಸ್ತ್ರಕ್ಕೆ ಜೈವಿಕ ಎಲೆಕ್ಟ್ರಾನಿಕ್ಸ್ ಎಂದು ಹೆಸರು. ಇವುಗಳಲ್ಲಿ ಎಷ್ಟೋ ಒಮ್ಮೆ ಬಳಸಿ ಬಿಸಾಡುವಂಥವು. ಒಂದು ದಿನದ ಕೆಲಸಕ್ಕೆ ಎಂದೂ ಕರಗದ ಪ್ಲಾಸ್ಟಿಕ್ಕೇ ಬೇಕೆ? ಗಿಡಮರಗಳಲ್ಲಿ ಉತ್ತರ ಹುಡುಕುತ್ತಿರುವ ವಿಜ್ಞಾನಿಗಳ ಪರಿಶ್ರಮವನ್ನು ನಮ್ಮ ಓದುಗ ಬಂಧುಗಳು ಅರಿಯಬೇಕು.

2012ರಲ್ಲಿ ಆಸ್ಟ್ರಿಯಾದ ಲಿಂಜ್ ನಗರದ ಸಂಶೋಧಕರು, ಬಟ್ಟೆಗೆ ಬಣ್ಣ ಕಟ್ಟುವ ನೀಲಿಯಿಂದಲೇ ಟ್ರಾನ್ಸಿಸ್ಟರ್ ರಚಿಸಿ ತೋರಿಸಿದರು. 2015ರಲ್ಲಿ ಅಮೆರಿಕದ ಮ್ಯಾಡಿಸನ್ನಿನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಝೆಂಚಿಯಾಂಗ್ ಮಾ ಮತ್ತು ಸಂಗಡಿಗರು, ಅಲ್ಲಿಯ ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯದವರೊಡಗೂಡಿ ಮರದಿಂದ ಚಿಪ್ಪಿನ ತಳಹದಿಯನ್ನು ನಿರ್ಮಿಸಿದರು. ಚಿಪ್ಪಿನಲ್ಲಿ ಕೆಲಸ ಮಾಡುವುದು ಮೇಲಿನ ತೆಳು ಪದರ ಮಾತ್ರ. ಉಳಿದದ್ದೆಲ್ಲ ಅದಕ್ಕೆ ಆಧಾರ. ಆ ಆಧಾರದ ಸ್ಥಾನದಲ್ಲಿ ಅವರು ಮರದ ಸೆಲ್ಯುಲೋಸನ್ನು ಅತಿ ಸೂಕ್ಷ್ಮ ಎಳೆಗಳಾಗಿ ಬಿಡಿಸಿ ಮಾಡಿದ ಪಾರದರ್ಶಕ ಹಾಳೆಯನ್ನಿಟ್ಟರು. ಪಾಷಾಣದ ಅಂಶವುಳ್ಳ ಗ್ಯಾಲಿಯಂ ಆರ್ಸೆನೈಡಿನ ಬಳಕೆ ಇದರಿಂದ ಬಹಳಷ್ಟು ತಗ್ಗಿತು. ಮರ ಕೊಳೆಯಿಸುವ ಶಿಲೀಂಧ್ರಕ್ಕೆ ಒಡ್ಡಿದಾಗ ಆ ಹಾಳೆ ಜೀರ್ಣವಾಗತೊಡಗಿತು.

ಹಾಗೆಂದು ಎಲ್ಲವೂ ಸಾಧಿಸಿತೆಂದು ನಾವು ಹಿಗ್ಗಬಾರದು. ಮರ ತೇವವನ್ನು ಹೀರಿ ಉಬ್ಬುತ್ತದೆ. ಅದನ್ನು ತಡೆಯಲು ಹಾಳೆಯ ಮೇಲೆ ಎಪಾಕ್ಸಿ ಲೇಪ ಬೇಕಾಯಿತು. ಪಾಷಾಣ ಕಡಿಮೆಯಾಯಿತೇ ಹೊರತು ಇಲ್ಲವಾಗಲಿಲ್ಲ. 2023ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಬಾಲ್ಸಾ ಮರದ ನಾಳಗಳಲ್ಲಿ ವಿದ್ಯುತ್ ಹರಿಸುವ ಪಾಲಿಮರನ್ನು ತುಂಬಿ ಟ್ರಾನ್ಸಿಸ್ಟರ್ ಮಾಡಿದರು. ಅದು ಆರಲು ಸುಮಾರು ಒಂದು ಸೆಕೆಂಡು, ಹೊತ್ತಲು ಐದು ಸೆಕೆಂಡು ಬೇಕು! ಆ ಪಾಲಿಮರ್ ಸಹ ಗಿಡದ್ದಲ್ಲ, ಕಾರ್ಖಾನೆಯದು.

ಆದರೂ ಈ ಪ್ರಯೋಗಗಳು ಒಂದು ವಿವೇಕವನ್ನು ಕಲಿಸುತ್ತವೆ: ವಸ್ತುವಿನ ಹುಟ್ಟನ್ನು ಯೋಚಿಸುವವನೇ ಅದರ ಅಂತ್ಯವನ್ನೂ ಯೋಚಿಸಬೇಕು. ಮಣ್ಣಾಗುವ ಸಾಧನಗಳು ನಮ್ಮ ಅಂಗಡಿಗಳಿಗೆ ಬರುವವರೆಗೆ ಗೃಹಸ್ಥರಾದ ನಾವು ಸುಮ್ಮನೆ ಕಾಯಬೇಕಾಗಿಲ್ಲ. ರಿಪೇರಿಯಾಗುವುದನ್ನು ರಿಪೇರಿ ಮಾಡಿಸೋಣ. ಕೆಟ್ಟದ್ದನ್ನು ತಿಪ್ಪೆಗೆಸೆಯದೆ, ಬೆಂಕಿಗೂ ಹಾಕದೆ ಅಧಿಕೃತ ಸಂಗ್ರಹ ಕೇಂದ್ರಕ್ಕೆ ಒಪ್ಪಿಸೋಣ. ಹೊಸದನ್ನು ಕೊಳ್ಳುವ ಮುನ್ನ, ಇದು ಕೆಟ್ಟ ಮೇಲೆ ಎಲ್ಲಿಗೆ ಹೋಗುವುದೆಂದು ಮಕ್ಕಳೆದುರೇ ಕೇಳೋಣ. ನಾವು ಬಿಸಾಡಿದ್ದು ಬೀಳುವುದು ಅವರು ಉಣ್ಣಬೇಕಾದ ನೆಲದ ಮೇಲೆಯೇ.