ಕಾಫಿ ಮತ್ತು ಅಭಿರುಚಿ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಡುಗೆತೊಡುಗೆಯಲ್ಲಿ ನಾಲ್ಕು ಜನರ ಒಪ್ಪಿಗೆಯನ್ನು ನೋಡಬೇಕಾದೀತು. ನಾಲಗೆಯ ವಿಷಯದಲ್ಲಿ ಮಾತ್ರ ಪ್ರತಿಯೊಬ್ಬರೂ ಸ್ವತಂತ್ರರು ಎಂಬುದು ಅದರ ತಾತ್ಪರ್ಯ. ಆದರೆ ಕಾಫಿಯ ಮಾತು ಬಂದಾಗ ಜನ ಈ ಗಾದೆಯನ್ನು ಮರೆತುಬಿಡುತ್ತಾರೆ. ತಮ್ಮ ಮನೆಯ ಕಾಫಿಯೇ ಕಾಫಿ, ಉಳಿದವರದು ಬರಿಯ ಬಿಸಿನೀರು ಎಂದು ಸಾಧಿಸುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಚಿಕೋರಿ ಬೆರೆತರೆ ಕಾಫಿ ಕೆಟ್ಟಿತು ಎನ್ನುತ್ತಾರೆ ಒಬ್ಬರು. ಬೆರೆಯದಿದ್ದರೆ ಅದಕ್ಕೆ ಬಣ್ಣವೆಲ್ಲಿ, ಗಟ್ಟಿತನವೆಲ್ಲಿ ಎನ್ನುತ್ತಾರೆ ಇನ್ನೊಬ್ಬರು. ಹಾಲು ಹೆಚ್ಚಾಗಿರಬೇಕೆಂದು ಒಬ್ಬರು ಹೇಳಿದರೆ, ಸಕ್ಕರೆಯ ಸೋಂಕೇ ಬೇಡವೆಂದು ಮತ್ತೊಬ್ಬರು ಹಟ ಹಿಡಿಯುತ್ತಾರೆ. ಕೇಳುವವರಿಗೆ ಈ ಜಗಳ ವಿನೋದವಾಗಿ ತೋರುತ್ತದೆ. ಆದರೆ ಅದರ ಒಡಲಲ್ಲಿ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ: ಒಬ್ಬರ ರುಚಿ ಇನ್ನೊಬ್ಬರನ್ನು ಅಳೆಯುವ ಅಳತೆಗೋಲಾಗಬಹುದೇ?

ಕಾಫಿಯಷ್ಟು ಹಂತಹಂತವಾಗಿ ಮನುಷ್ಯನ ಕೈಗೆ ಸಿಕ್ಕಿ ಮಾರ್ಪಡುವ ಪಾನೀಯ ವಿರಳ. ಬೆಳೆಯಲ್ಲಿಯೇ ಅರೇಬಿಕ, ರೊಬಸ್ಟ ಎಂಬ ಎರಡು ಮುಖ್ಯ ಜಾತಿಗಳುಂಟು. ಎತ್ತರದ ತಂಪು ಇಳಿಜಾರುಗಳಲ್ಲಿ ಬೆಳೆಯುವ ಅರೇಬಿಕದ ರುಚಿ ಮೃದು. ಅದಕ್ಕಿಂತ ತಗ್ಗಿನ, ಬೆಚ್ಚನೆಯ ನೆಲಕ್ಕೆ ಒಗ್ಗುವ ರೊಬಸ್ಟದ ಕಹಿ ಗಡಸು, ಅದರಲ್ಲಿ ಕೆಫೀನಿನ ಅಂಶವೂ ಸುಮಾರು ಎರಡು ಪಟ್ಟು. ಬೀಜವನ್ನು ಹದವಾಗಿ ಹುರಿದರೆ ನವಿರಾದ ಹುಳಿ ಉಳಿಯುತ್ತದೆ. ಕಪ್ಪಾಗುವವರೆಗೆ ಹುರಿದರೆ ಹುಳಿ ಅಡಗಿ ಕಹಿ ತಲೆಯೆತ್ತುತ್ತದೆ. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿಯನ್ನು ಹಾಕಿ, ತೂತುಗಳುಳ್ಳ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿನೀರನ್ನು ಸುರಿದು ಮುಚ್ಚಿಟ್ಟರೆ ಕಾಲು ಗಂಟೆಯೊಳಗೋ ಅದರ ಮೇಲೋ ಕೆಳಗಿನ ಪಾತ್ರೆಯಲ್ಲಿ ಗಟ್ಟಿ ಡಿಕಾಕ್ಷನ್ ಕೂಡುತ್ತದೆ. ಪುಡಿ ಅತಿ ನುಣ್ಣಗಾದರೆ ಅಥವಾ ಬಿಲ್ಲೆಯನ್ನು ಬಿಗಿಯಾಗಿ ಒತ್ತಿದರೆ ನೀರು ಇಳಿಯದೆ ನಿಲ್ಲುತ್ತದೆ. ತೀರ ತರಿಯಾದರೆ ನೀರು ಸರಸರನೆ ಇಳಿದು ಸಾರ ಪುಡಿಯಲ್ಲಿಯೇ ಉಳಿಯುತ್ತದೆ. ಇಷ್ಟೊಂದು ಹಂತಗಳಲ್ಲಿ ಒಂದೊಂದರಲ್ಲಿಯೂ ಒಂದೊಂದು ಆಯ್ಕೆ ಇರುವಾಗ ಎರಡು ಮನೆಗಳ ಕಾಫಿ ಒಂದೇ ಬಗೆಯಾಗಿದ್ದರೆ ಅದೇ ಸೋಜಿಗ.

ಆದರೆ ಎಲ್ಲ ರುಚಿಗಳೂ ಆಯ್ಕೆಯಿಂದಲೇ ಹುಟ್ಟುವುದಿಲ್ಲ. ಎಷ್ಟೋ ರುಚಿಗಳಿಗೆ ಅಭಾವವೇ ತಾಯಿ. ಚಿಕೋರಿಯ ಕಥೆ ಇದಕ್ಕೆ ನಿದರ್ಶನ. ಚಿಕೋರಿಯೆಂಬುದು ನೀಲಿ ಹೂ ಬಿಡುವ ಒಂದು ಗಿಡ. ಅದರ ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡಿದರೆ ಕಾಫಿಯನ್ನು ಹೋಲುವ ಬಣ್ಣ, ಕಹಿ ಎರಡೂ ಬರುತ್ತವೆ. ಕೆಫೀನು ಮಾತ್ರ ಇರುವುದಿಲ್ಲ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರವನ್ನು ಮುರಿಯಲೆಂದು ಯೂರೋಪಿನ ಬಂದರುಗಳನ್ನು ಅದರ ಸರಕಿಗೆ ಮುಚ್ಚಿಸಿದನು. ಫ್ರಾನ್ಸಿನಲ್ಲಿ ಕಾಫಿ ದುರ್ಲಭವಾಯಿತು. ಜನ ಚಿಕೋರಿಯ ಮೊರೆಹೊಕ್ಕರು. ಮುಂದೆ ಕಾಫಿ ಮರಳಿ ಬಂದರೂ ಅಲ್ಲಿಯ ನಾಲಗೆಗಳು ಚಿಕೋರಿಯನ್ನು ಕೈಬಿಡಲಿಲ್ಲ. ಅಭಾವ ಕಲಿಸಿದ ರುಚಿ ಅಭ್ಯಾಸವಾಯಿತು, ಅಭ್ಯಾಸ ಅಭಿಮಾನವಾಯಿತು. ದಕ್ಷಿಣ ಭಾರತದ ಮನೆಗಳಲ್ಲಿಯೂ ಇಂದು ಚಿಕೋರಿಯನ್ನು ಕೇವಲ ಮಿತವ್ಯಯಕ್ಕಾಗಿ ಬಳಸುವವರಿಗಿಂತ ಅದರ ಗಟ್ಟಿತನವನ್ನು ಮೆಚ್ಚಿ ಬೆರೆಸುವವರು ಕಡಮೆಯೇನಲ್ಲ. ಅವರನ್ನು ರುಚಿಗೇಡಿಗಳೆಂದು ಹಳಿಯುವುದು ಅಜ್ಞಾನವೇ ಸರಿ.

ಕಾಫಿಯ ತವರಾದ ಮಲೆನಾಡನ್ನೇ ನೋಡಬಹುದು. ಸೂಫಿ ಸಂತರಾದ ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಪ್ರತೀತಿಯುಂಟು. ಇಂದು ಭಾರತದ ಕಾಫಿಯಲ್ಲಿ ಮೂರನೆಯ ಎರಡು ಪಾಲಿಗೂ ಮಿಗಿಲಾದುದು ಕರ್ನಾಟಕದ ಬೆಳೆ. ಅದರಲ್ಲಿ ಬಹುಭಾಗ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹಾಲಿಲ್ಲದ, ಬೆಲ್ಲ ಹಾಕಿದ ಕರಿ ಕಾಫಿ ಇಂದಿಗೂ ಪ್ರಿಯವಾದುದು. ಪಟ್ಟಣದ ಫಿಲ್ಟರ್ ಕಾಫಿಗೆ ಒಗ್ಗಿದವರು ಅದನ್ನು ಬಡವರ ಕಾಫಿಯೆಂದು ಮೂಗು ಮುರಿಯಬಹುದು. ಆದರೆ ಬಿಡದೆ ಸುರಿಯುವ ಆಷಾಢದ ಮಳೆಯಲ್ಲಿ ತೋಟದಿಂದ ನೆನೆದು ಬಂದವರಿಗೆ ಆ ಬಿಸಿ ಬೆಲ್ಲದ ಕಾಫಿಯೇ ಅಮೃತ. ಕಾಫಿಯ ಮೂಲನೆಲೆಯಾದ ಇಥಿಯೋಪಿಯದಲ್ಲಿ ಅತಿಥಿಯ ಎದುರಿನಲ್ಲಿಯೇ ಬೀಜವನ್ನು ಹುರಿದು, ಕುಟ್ಟಿ, ಮಣ್ಣಿನ ಕೂಜೆಯಲ್ಲಿ ಕುದಿಸಿ, ಮೂರು ಸುತ್ತು ಬಡಿಸುವುದು ಸಂಪ್ರದಾಯ. ತುರ್ಕಿಯವರು ಹಿಟ್ಟಿನಂತೆ ನುಣ್ಣಗಾದ ಪುಡಿಯನ್ನು ನೀರಿನಲ್ಲಿ ಕಾಯಿಸಿ, ಸೋಸದೆ ಬಟ್ಟಲಿಗೆ ಬಗ್ಗಿಸುತ್ತಾರೆ. ಚರಟ ತಳಕ್ಕಿಳಿದ ಮೇಲೆ ಕುಡಿಯುತ್ತಾರೆ. ಇವರಲ್ಲಿ ಯಾರ ಕಾಫಿ ನಿಜವಾದ ಕಾಫಿ? ಈ ಪ್ರಶ್ನೆಗೆ ಉತ್ತರವಿಲ್ಲ. ಏಕೆಂದರೆ ಪ್ರಶ್ನೆಯೇ ಸರಿಯಲ್ಲ.

ಹಾಗಾದರೆ ಒಳ್ಳೆಯ ಕಾಫಿ, ಕೆಟ್ಟ ಕಾಫಿ ಎಂಬ ಭೇದವೇ ಇಲ್ಲವೆ ಎಂದು ಕೆಲವರು ಕೇಳಬಹುದು. ಇಲ್ಲದೇನು? ತಿಂಗಳುಗಟ್ಟಲೆ ಗಾಳಿಗೆ ತೆರೆದಿಟ್ಟು ಪರಿಮಳ ಕಳೆದುಕೊಂಡ ಪುಡಿ, ಮತ್ತೆ ಮತ್ತೆ ಕುದಿಸಿ ಕೆಡಿಸಿದ ಡಿಕಾಕ್ಷನ್, ಹುಣಸೆಯ ಬೀಜವನ್ನು ಹುರಿದು ಬೆರೆಸಿದ ಕಲಬೆರಕೆ, ಇವೆಲ್ಲ ದೋಷಗಳೇ ಹೊರತು ರುಚಿಭೇದಗಳಲ್ಲ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಮೆಯಿರಕೂಡದೆಂದೂ ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಭಾರತದಲ್ಲಿ ನಿಯಮವಿದೆ. ಚಿಕೋರಿಯನ್ನು ಬೇಕೆಂದು ಕೊಳ್ಳುವುದು ಅಭಿರುಚಿ. ಕಾಫಿಯೆಂದು ಹೇಳಿ ಚಿಕೋರಿಯನ್ನು ಮಾರುವುದು ವಂಚನೆ. ಈ ಎರಡರ ನಡುವಣ ಅಂತರವನ್ನು ತಿಳಿಯುವುದೇ ವಿವೇಕ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದುಂಟು. ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಅವಕಾಶವಿದ್ದಾಗ ಮಾತ್ರ ರುಚಿ ಎಂಬ ಮಾತಿಗೆ ಅರ್ಥ. ಹಿಂದೆ ಅನೇಕ ಮನೆಗಳಲ್ಲಿ ಮೊದಲ ಡಿಕಾಕ್ಷನ್ ಯಜಮಾನನಿಗೆ ಮತ್ತು ಗಣ್ಯ ಅತಿಥಿಗಳಿಗೆ ಮೀಸಲಾಗಿತ್ತು. ಅದೇ ಪುಡಿಗೆ ಮರಳಿ ನೀರು ಹೊಯ್ದು ಇಳಿಸಿದ ತೆಳುವಾದ ಎರಡನೆಯ ಡಿಕಾಕ್ಷನ್ ಮನೆಯ ಹೆಂಗಸರ ಮತ್ತು ಆಳುಗಳ ಪಾಲಾಗುತ್ತಿತ್ತು. ನಸುಕಿನಲ್ಲೆದ್ದು ಫಿಲ್ಟರನ್ನು ಹಾಕಿದ ಕೈಗೆ ಅದರ ಮೊದಲ ಸಾರ ದಕ್ಕುತ್ತಿರಲಿಲ್ಲ. ‘ಆಕೆಗೆ ತೆಳುವಾದ ಕಾಫಿಯೇ ಇಷ್ಟ’ ಎಂದು ಮನೆಯವರು ನಂಬಿದ್ದರೆ, ಆ ನಂಬಿಕೆಯ ಹಿಂದೆ ಯಾರೂ ಕೇಳದೆ ಬಿಟ್ಟ ಒಂದು ಪ್ರಶ್ನೆ ಇತ್ತು. ಮನೆಯ ಹೊರಗಿನ ಸಂಗತಿ ಇದಕ್ಕಿಂತ ಕಠೋರ. ಎಷ್ಟೋ ಹಳ್ಳಿಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆಯ ಲೋಟ, ಬೇರೆಯ ಜಾಗ. ಒಳಗಿನ ಕಾಫಿ ಒಂದೇ, ಹಣವೂ ಒಂದೇ. ಲೋಟ ಮಾತ್ರ ಎರಡು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಹೋಟೆಲು, ಅಂಗಡಿಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಕಾಯಿದೆ ಇಂತಹ ಆಚರಣೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಆದರೂ ಆ ಎರಡನೆಯ ಲೋಟ ಎಲ್ಲ ಕಡೆಯಿಂದಲೂ ಮಾಯವಾಯಿತೆಂದು ಹೇಳುವಂತಿಲ್ಲ. ಅವಮಾನ ಬೆರೆತ ಕಾಫಿಯನ್ನು ಯಾವ ಸಕ್ಕರೆಯೂ ಸಿಹಿಯಾಗಿಸಲಾರದು.

ಇದಕ್ಕೆ ಎದುರಾಗಿ ಬೆಂಗಳೂರಿನ ಹೋಟೆಲುಗಳಲ್ಲಿ ‘ಬೈಟು ಕಾಫಿ’ ಎಂಬ ಸೊಗಸಾದ ರೂಢಿಯಿದೆ. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಸಮನಾಗಿ ಹಂಚಿ ಇಬ್ಬರು ಗೆಳೆಯರು ಕುಡಿಯುತ್ತಾರೆ. ಇಲ್ಲಿಯೂ ಲೋಟಗಳು ಎರಡೇ; ಆದರೆ ಇವು ಹಂಚಿಕೊಳ್ಳುವ ಲೋಟಗಳು, ಬೇರ್ಪಡಿಸುವ ಲೋಟಗಳಲ್ಲ. ಹಂಚಿ ಕುಡಿಯುವಾಗ ಒಬ್ಬರಿಗೆ ಸಕ್ಕರೆ ಸ್ವಲ್ಪ ಹೆಚ್ಚೆನಿಸಬಹುದು, ಇನ್ನೊಬ್ಬರಿಗೆ ಕಡಮೆಯೆನಿಸಬಹುದು. ಸ್ನೇಹದ ಸಲುವಾಗಿ ಇಬ್ಬರೂ ತಮ್ಮ ರುಚಿಯನ್ನು ಅಷ್ಟಿಷ್ಟು ಸಡಿಲಿಸಿಕೊಳ್ಳುತ್ತಾರೆ.

ತನ್ನ ರುಚಿಯಲ್ಲಿ ನಿಷ್ಠೆಯಿರುವುದು ತಪ್ಪಲ್ಲ. ಹದವರಿತು ಪುಡಿ ಮಾಡಿಸುವವರ, ಹಾಲು ಉಕ್ಕುವ ಕ್ಷಣಕ್ಕಾಗಿ ಒಲೆಯ ಮುಂದೆ ಕಾದು ನಿಲ್ಲುವವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ತಾನು ಕುಡಿಯುವ ಕಾಫಿಗೆ ತನ್ನ ರುಚಿ ಪ್ರಮಾಣವಾದಂತೆ, ಇನ್ನೊಬ್ಬರಿಗೆ ಕೊಡುವ ಕಾಫಿಗೆ ಅವರ ರುಚಿಯೇ ಪ್ರಮಾಣವಾಗಬೇಕು. ‘ನಿಮಗೆ ಹೇಗಿದ್ದರೆ ಇಷ್ಟ?’ ಎಂಬ ಪ್ರಶ್ನೆಯನ್ನು ಮನೆಗೆ ಬಂದ ಅತಿಥಿಗೆ ಎಲ್ಲರೂ ಕೇಳುತ್ತಾರೆ. ಅದೇ ಪ್ರಶ್ನೆಯನ್ನು ಮನೆಯೊಳಗಿನ ತಾಯಿಗೆ, ಅಂಗಳದಲ್ಲಿ ದುಡಿಯುವ ಕೆಲಸದವರಿಗೆ ಕೇಳಿ, ಉತ್ತರ ಬಂದಂತೆ ಕಾಫಿ ಬೆರೆಸಿ, ಒಂದೇ ಬಗೆಯ ಲೋಟದಲ್ಲಿ ಕೊಡುವ ಮನೆ ನಿಜವಾಗಿ ಅಭಿರುಚಿಯುಳ್ಳ ಮನೆ.