ಹಳಿ ಅಗಲವಾಯ್ತು, ದಾರಿ ನೆಟ್ಟಗಾಗಲಿಲ್ಲ

ಬೆಳಿಗ್ಗೆ ಹೊತ್ತು ಕೋಲಾರದ ಬಸ್ ಸ್ಟ್ಯಾಂಡಿಗೆ ಬಂದು ನೋಡಿ. ಬೆಂಗಳೂರು ಬಸ್ಸಿಗೆ ನೂಕುನುಗ್ಗಲು. ಇದೇ ಊರಿನಲ್ಲಿ ರೈಲ್ವೆ ಸ್ಟೇಷನ್ನೂ ಇದೆ, ಬ್ರಾಡ್‌ಗೇಜ್ ಹಳಿಯೂ ಇದೆ. ಆದರೆ "ಯಾಕ್ರೀ, ರೈಲಿಗೆ ಹೋಗಬಾರ್ದೇ?" ಅಂತ ಕೇಳಿದರೆ ಜನ ನಗ್ತಾರೆ. ನಗುವುದಕ್ಕೆ ಕಾರಣವೂ ಉಂಟು.

ಯಶವಂತಪುರದಿಂದ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಎಲ್ಲ ಸುತ್ತಿ ಬಂಗಾರಪೇಟೆ ಮುಟ್ಟುತ್ತಿದ್ದ ಸಣ್ಣ ರೈಲು ಮೈಸೂರು ಸಂಸ್ಥಾನದ ಕಾಲದ್ದು. ಬಂಗಾರಪೇಟೆ–ಕೋಲಾರದ ತುಂಡು 1913ರಲ್ಲಿ ಶುರುವಾಯಿತು. ಬೆಂಗಳೂರು ಕಡೆಯ ತುಂಡನ್ನು 1915ರಿಂದಾಚೆಗೆ ಲೈಟ್ ರೈಲ್ವೆ ಕಂಪನಿಯೊಂದು ನಡೆಸಿತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಹಳಿಯ ಅಗಲ ಎರಡೂವರೆ ಅಡಿ. ಖರ್ಚು ಕಡಿಮೆ, ಊರೂರಿಗೂ ರೈಲು. ಲೆಕ್ಕಾಚಾರ ಸರಿಯಾಗೇ ಇತ್ತು.

ಪೆಟ್ಟು ಬಿದ್ದದ್ದು ಎರಡು ತುದಿಯಲ್ಲಿ. ಬಂಗಾರಪೇಟೆಯಲ್ಲಿ ಐದೂವರೆ ಅಡಿಯ ಬ್ರಾಡ್‌ಗೇಜ್, ಯಶವಂತಪುರದಲ್ಲಿ ಮೀಟರ್‌ಗೇಜ್. ಸಣ್ಣ ರೈಲಿನ ಮೂಟೆ ಮುಂದಕ್ಕೆ ಹೋಗಬೇಕಾದರೆ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಮತ್ತೆ ಕೂಲಿ, ಮತ್ತೆ ಕಾಯೋದು, ಮತ್ತೆ ಮೂಟೆ ಹರಿಯೋದು. ಲಾರಿ ಹಾಗಲ್ಲ. ಚಿಂತಾಮಣಿಯ ಮಂಡಿ ಬಾಗಿಲಲ್ಲಿ ತುಂಬಿಸಿದರೆ ಬೆಂಗಳೂರಿನ ಅಂಗಡಿ ಬಾಗಿಲಲ್ಲೇ ಇಳಿಸುತ್ತೆ. ಯಾವ ಸಾಹುಕಾರ ರೈಲಿಗೆ ಕಾಯ್ತಾನೆ? ಸರಕಿನ ಹಿಂದೆಯೇ ಜನವೂ ಬಸ್ಸು ಹತ್ತಿದರು. ಸಣ್ಣ ರೈಲನ್ನು ಕೊಂದದ್ದು ನಿಧಾನ ಓಟ ಮಾತ್ರ ಅಲ್ಲ, ಈ ಇಳಿಸು-ಏರಿಸು.

ಹಾಗಾದರೆ ಗೇಜ್ ಬದಲಾದ ಮೇಲೆ ಎಲ್ಲ ಸರಿಹೋಗಬೇಕಿತ್ತಲ್ಲ? ಯಲಹಂಕ–ಚಿಕ್ಕಬಳ್ಳಾಪುರ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯ್ತು. ಚಿಕ್ಕಬಳ್ಳಾಪುರ–ಕೋಲಾರದ ಸುಮಾರು 85 ಕಿ.ಮೀ. ಮುಗಿಯುವಾಗ 2013 ಬಂತು, ಅಷ್ಟು ಹೊತ್ತಿಗೆ ಸಣ್ಣ ರೈಲು ಹತ್ತಿದ್ದವರ ಮಕ್ಕಳೂ ಬಸ್ ಪಾಸಿನವರಾಗಿದ್ದರು. ಅದಕ್ಕಿಂತ ದೊಡ್ಡ ಸಂಗತಿ, ಗೇಜ್ ಬದಲಾಯಿತೇ ಹೊರತು ಸುತ್ತು ತಪ್ಪಲಿಲ್ಲ. ಕೋಲಾರದವರು ಬೆಂಗಳೂರಿಗೆ ಹೋಗಲು ಒಂದೋ ಬಂಗಾರಪೇಟೆಗೆ ಇಳಿಯಬೇಕು, ಇಲ್ಲಾ ಚಿಕ್ಕಬಳ್ಳಾಪುರ ಸುತ್ತಬೇಕು. ಬಸ್ಸಾದರೆ ಹೊಸಕೋಟೆ ಮೇಲೆ 70 ಕಿ.ಮೀ. ಒಳಗೇ ಮೆಜೆಸ್ಟಿಕ್. ಚಿಂತಾಮಣಿಯವರದೂ ಇದೇ ಕಥೆ.

ದೇವನಹಳ್ಳಿ ಕಡೆ ಮಾತು ಬೇರೆ. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದರ ಪಕ್ಕದಲ್ಲೇ ಹಾದುಹೋಗುವುದು ಹಳೆಯ ಲೈಟ್ ರೈಲ್ವೆಯ ದಾರಿ! ಆದರೂ ಅಲ್ಲಿ ರೈಲು ನಿಲ್ಲಲು ಒಂದು ಹಾಲ್ಟ್ ಸ್ಟೇಷನ್ ಆದದ್ದು 2021ರ ಜನವರಿಯಲ್ಲಿ. ಹನ್ನೆರಡು ವರ್ಷ ಪಕ್ಕದಲ್ಲೇ ಹಳಿ, ನಿಲ್ಲೋ ರೈಲಿಲ್ಲ. ಈಗ ನಂದಿ ಹಾಲ್ಟ್‌ನಂಥ ಹಳೇ ಸ್ಟೇಷನ್ ಕಟ್ಟಡಗಳನ್ನು ರಿಪೇರಿ ಮಾಡಿ ಅಂದವಾಗಿಸಿದ್ದಾರೆ. ಒಳ್ಳೆಯದೇ. ಆದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬರುವ ರೈತನಿಗೆ, ಶ್ರೀನಿವಾಸಪುರದ ಮಾವಿನ ಮಂಡಿಯವನಿಗೆ ಬೇಕಾದದ್ದು ಸುಣ್ಣ-ಬಣ್ಣ ಅಲ್ಲ. ಸಂತೆ ಹೊತ್ತಿಗೆ ತಲುಪಿಸುವ ರೈಲು, ಸಾಯಂಕಾಲ ವಾಪಸು ಬರೋ ರೈಲು.

ಕೋಲಾರದಿಂದ ವೈಟ್‌ಫೀಲ್ಡಿಗೆ ನೇರ ಹಳಿ ಹಾಕುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಅಲ್ಲಿಯವರೆಗೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಟವಲ್ ಹಾಕುವವರ ಕೈಗೆ ಪುರುಸೊತ್ತಿಲ್ಲ.